ನೂರೋ ಮೂವತ್ತೋ

"ನೂರು ಅಂತಲೇ ಬರೆದುಬಿಡಿ ಸಾರ್," ಎಂದ ಪುರಸಭೆಯ ಓವರ್‌ಸಿಯರ್ ಶಿವರುದ್ರಸ್ವಾಮಿ. ಬೆಂಗಳೂರಿನ ಜಲಮಾಲಿನ್ಯ ತಡೆ ಬೋರ್ಡಿನಿಂದ ಬಂದಿದ್ದ ಎಂಜಿನಿಯರ್ ಗುರುಸಿದ್ದಯ್ಯ ಜೀಪಿನ ಬಾನೆಟ್ಟಿನ ಮೇಲೆ ಫಾರಂ ಹರಡಿಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದರು. ಆ ಒಂದು ಅಂಕಿ ಬಿದ್ದರೆ ಸಾಕು, ಏಳು ವರ್ಷದಿಂದ ಮೇಜಿನಿಂದ ಮೇಜಿಗೆ ಅಲೆದ ಫೈಲಿಗೆ ಮೋಕ್ಷ.

ವಿಷಯ ಇಷ್ಟೆ. ಊರಿನ ಕೊಳಚೆ ನೀರು ಶುದ್ಧಿಯಾಗಲು ಹನೂರು ರಸ್ತೆಯ ಬದಿಗೆ ಇದ್ದ ಕೊಳ ಒಂದೇ ಒಂದು. ಊರೋ ಎರಡರಷ್ಟು ಬೆಳೆದಿತ್ತು. ಮಳೆ ಬಂತೆಂದರೆ ಕೊಳ ಉಕ್ಕಿ ತಗ್ಗಿನ ಬೀದಿಯವರ ಅಡುಗೆಮನೆಗೇ ನುಗ್ಗುತ್ತಿತ್ತು. ಇನ್ನೆರಡು ಕೊಳ ತೋಡಿಸಬೇಕೆಂದು ಶಿವರುದ್ರಸ್ವಾಮಿ ಹತ್ತದ ಕಚೇರಿ ಮೆಟ್ಟಿಲಿಲ್ಲ. ಅಷ್ಟರಲ್ಲಿ, ಎರಡು ವರ್ಷದ ಹಿಂದೆ, ಹೊಸ ಕಾನೂನು ಬಂತು. ಹೊರಬಿಡುವ ನೀರಿನಲ್ಲಿ ಎಷ್ಟು ಕೊಳೆ ಉಳಿದಿರಬಹುದು ಅನ್ನುವುದನ್ನು ಇನ್ನು ಬೋರ್ಡೇ ಗೊತ್ತುಮಾಡಬೇಕು. ನೀರು ಬರೀ ನೆಲಕ್ಕೆ ಇಂಗುವುದಾದರೆ ಲೀಟರಿಗೆ ನೂರು ಮಿಲಿಗ್ರಾಂ. ಜನ ಬಳಸುವ ಹಳ್ಳಕ್ಕೆ ಸೇರುವುದಾದರೆ ಮೂವತ್ತು. ನೂರಾದರೆ ಎರಡು ಕೊಳ ಸಾಕು, ದೀಪಾವಳಿಗೆ ಮುಂಚೆ ಗುದ್ದಲಿ ಬೀಳುತ್ತದೆ. ಮೂವತ್ತಾದರೆ ಮೂರನೆಯದೂ ಬೇಕು. ಅಂದರೆ ಹೊಸ ಜಾಗ, ಹೊಸ ಫೈಲು, ಮತ್ತೆ ಮೊದಲಿನಿಂದ ಅದೇ ರಾಮಾಯಣ.

ಗುರುಸಿದ್ದಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು, ಕೊಳಗಳ ನೀರು ಬಿಡಬೇಕಾಗಿದ್ದ ಹಳ್ಳದ ಕಡೆ ನೋಡಿದರು. ಏಪ್ರಿಲ್ ಬಿಸಿಲಿಗೆ ಕಾದ ಮರಳು, ಅಲ್ಲಲ್ಲಿ ಮುಳ್ಳಿನ ರಾಶಿ. "ಇದನ್ನ ಯಾರೂ ಬಳಸಲ್ವೆ?"

"ಏನಿದೆ ಅಂತ ಬಳಸ್ತಾರೆ ಸಾರ್? ಮಳೆಗಾಲದಲ್ಲಿ ನಾಲ್ಕು ದಿನ ಹರಿಯುತ್ತೆ, ಆಮೇಲೆ ಬರೀ ಮರಳು. ನಾನೇ ಮೂರು ಸಲ ಸರ್ವೆ ಮಾಡಿದೀನಿ."

ಸುಳ್ಳೇನೂ ಅಲ್ಲ. ಮೂರು ಸಲವೂ ಬಂದು, ಟೇಪು ಹಿಡಿದು, ದಡದಿಂದ ದಡಕ್ಕೆ ಅಳೆದುಕೊಂಡು ಹೋಗಿದ್ದ. ಮುಳ್ಳಿನ ರಾಶಿ ಯಾಕಪ್ಪಾ ಅಂತ ಕೇಳುವುದು ಮಾತ್ರ ಸರ್ವೆಯ ಕಾಗದದಲ್ಲಿ ಇರಲಿಲ್ಲ.

ಗುರುಸಿದ್ದಯ್ಯ ಒಂದು ಬರೆದರು, ಮುಂದೊಂದು ಸೊನ್ನೆ ಸುತ್ತಿದರು. ಅಲ್ಲಿಗೆ ಪೆನ್ನು ನಿಂತಿತು. "ಕುಡಿಯೋಕೆ ಒಂದಿಷ್ಟು ನೀರು ಸಿಗುತ್ತಾ ಸ್ವಾಮಿ? ಗಂಟಲು ಒಣಗಿಹೋಯ್ತು."

ಇನ್ನೊಂದೇ ಸೊನ್ನೆ. ಶಿವರುದ್ರಸ್ವಾಮಿಗೆ ಎಲ್ಲಿಲ್ಲದ ಹುರುಪು ಬಂತು. ಊರಿಗೆ ಬಂದವರು ನೀರು ಕೇಳಿದರೆ ಇಲ್ಲವೆನ್ನುವುದುಂಟೆ? ದಡದ ಮೇಲೆ ಆಡು ಮೇಯಿಸುತ್ತಿದ್ದ ಹೆಂಗಸನ್ನು ಕೂಗಿದ. "ಏನವ್ವಾ, ಬೆಂಗ್ಳೂರಿಂದ ಸಾಹೇಬ್ರು ಬಂದವ್ರೆ. ಒಂದ್ ಚೊಂಬು ಒಳ್ಳೇ ನೀರು ತಂದ್ಕೊಡು."

ಅವಳು ಪಕ್ಕದ ದೊಡ್ಡಿಯ ಚಿಕ್ಕನಿಂಗಮ್ಮ. "ತತ್ತೀನಿ ಇರಿ ಸಾ," ಎಂದವಳು ದೊಡ್ಡಿಯ ಮನೆಗಳ ಕಡೆ ಹೋಗಲಿಲ್ಲ. ಸೀರೆ ಎತ್ತಿ ಕಟ್ಟಿ, ತನ್ನ ಬುತ್ತಿಯ ಜೊತೆಗಿದ್ದ ಚೊಂಬು ಹಿಡಿದು ಸರಸರ ಹಳ್ಳಕ್ಕೇ ಇಳಿದಳು. ಕೋಲಿನಿಂದ ಮುಳ್ಳು ಸರಿಸಿ, ಮಂಡಿಯೂರಿ, ಅಲ್ಲೇ ಇಟ್ಟಿದ್ದ ಕರಟದಿಂದ ಮರಳು ತೋಡಿದಳು. ಎರಡು ಸಲ ಕದಡಿದ ನೀರನ್ನು ಮೊಗೆದು ಚೆಲ್ಲಿದಳು. ಮೂರನೆಯ ಸಲಕ್ಕೆ ಒರತೆ ತಿಳಿಯಾಯಿತು. ತುಂಬಿದ ಚೊಂಬನ್ನೂ ಮಡಿಲಲ್ಲಿದ್ದ ಒಂದು ಚೂರು ಬೆಲ್ಲವನ್ನೂ ತಂದು ಸಾಹೇಬರ ಕೈಗಿಟ್ಟಳು.

ಗುರುಸಿದ್ದಯ್ಯ ಗಟಗಟ ಕುಡಿದರು. "ಆಹಾ, ಎಳನೀರಿದ್ದಂಗಿದೆ. ದಿನಾ ಇದನ್ನೇ ಕುಡೀತೀರಾ?"

"ಇನ್ಯಾವ್ದ ಕುಡ್ಯದು ಸಾ? ದೊಡ್ಡೀಲಿ ಇಪ್ಪತ್ತ್ ಮನೆ, ಎಲ್ರುಗೂ ಇದೇಯ. ನಾಯಿ ಬಾಯಾಕ್ತವೆ ಅಂತ ಮುಳ್ ಮುಚ್ಚಿರ್ತೀವಿ."

ಶಿವರುದ್ರಸ್ವಾಮಿಯ ಮುಖ ಬಿಳಿಚಿಕೊಂಡಿತು. ತಾನೇ ಕರೆದ, ತಾನೇ ತರಿಸಿದ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವುದು ಅಂದರೆ ಇದೇ ಅಲ್ಲವೆ? ಗುರುಸಿದ್ದಯ್ಯ ಬೆಲ್ಲ ಚೀಪುತ್ತ ಅವನ ಹತ್ತಿರ ಬಂದರು. "ಕಾಗದದಲ್ಲಿ ಹಳ್ಳ ಒಣಗಿದೆ ಅಂತಲೇ ಇದೆ ಸ್ವಾಮಿ. ನಾನು ನಾಳೆ ಬೆಂಗಳೂರಲ್ಲಿರ್ತೀನಿ, ಇಲ್ಲಿರೋರು ನೀವು. ಇನ್ನೊಂದು ಸೊನ್ನೆ ಹಾಕ್ಲೋ ಬೇಡ್ವೋ, ನೀವೇ ಹೇಳಿ."

'ಹಾಕಿ' ಅನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಚಿಕ್ಕನಿಂಗಮ್ಮ ಬಾಯಿ ಹಾಕಿದಳು. "ಈ ಅಳ್ಳಕ್ಕೆ ನೀರ್ ಬುಡೋರು ನೀವೇಯಾ ಸಾ? ದೊಡ್ ಕೊಳ ಕಟ್ಟಿ ಬ್ಯಾಸ್ಗೇಲೂ ಅರಿಯಂಗೆ ಮಾಡ್ತಾರೆ ಅಂತ ಕೇಳ್ದಾಗಿಂದ ನಮ್ ಎಂಗುಸ್ರೆಲ್ಲಾ ಕಾಯ್ತಾ ಅವ್ರೆ. ಇನ್ ತೋಡಂಗಿಲ್ಲ. ಬಿಂದ್ಗೆ ಅದ್ಕಂಡು ಎತ್ಕಂಡ್ ಓಗದೇಯ." ಅವಳ ಮುಖ ಊರಗಲವಾಗಿತ್ತು.

ಆ ಬಿಂದಿಗೆಗೆ ತುಂಬುವುದು ಊರಿನ ಕೊಳಚೆಯೇ ಎಂದು ಶಿವರುದ್ರಸ್ವಾಮಿಗೆ ಹೊಳೆಯಿತು. "ಹೊಡೆದುಹಾಕಿ ಸಾರ್," ಎಂದ. "ಮೂವತ್ತು ಬರೀರಿ."

"ನಿಮ್ಮ ಕೆಲಸ ಎರಡು ವರ್ಷ ಹಿಂದಕ್ಕೆ ಹೋಗುತ್ತಲ್ರೀ."

"ಹೋಗ್ಲಿ ಬಿಡಿ. ಮೂರು ಕೊಳಕ್ಕೇ ಹೊಡೆದಾಡ್ತೀನಿ." ಅಂದಮೇಲೆ ಅಳುವೂ ಬಂತು, ಮೈಯೂ ಹಗುರಾಯಿತು. ನಾಳೆ ಬೆಳಿಗ್ಗೆಯೇ ಜಾಗ ನೋಡಲು ಹೊರಡಬೇಕು ಅನ್ನಿಸಿ ಕಾಲು ನಿಂತಲ್ಲಿ ನಿಲ್ಲಲಿಲ್ಲ.

"ಯಾವತ್ತು ಬುಡ್ತೀರಿ ಸಾ?" ಚಿಕ್ಕನಿಂಗಮ್ಮ ಇನ್ನೂ ಅಲ್ಲೇ ನಿಂತಿದ್ದಳು.

"ಎರಡ್ ವರ್ಷಾನೇ ಆಗ್ತದೆ ಕಣವ್ವ. ಬಿಟ್ಟ ಮೇಲೂ ಹರಿಯೋ ನೀರನ್ನ ಹಂಗೇ ಕುಡೀಬ್ಯಾಡಿ. ಮರಳು ತೋಡಿ, ಒರತೆ ನೀರನ್ನೇ ಕುಡೀರಿ."

ಅವಳ ಮುಖದ ನಗು ಅಲ್ಲಿಗೇ ನಿಂತಿತು. ಸಾಹೇಬರ ಕೈಯಿಂದ ಖಾಲಿ ಚೊಂಬು ಈಸಿಕೊಂಡು, ಓವರ್‌ಸಿಯರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ತಡಾನೂ ಮಾಡ್ತೀರಿ, ತೋಡಾದೂ ತಪ್ಪಕಿಲ್ಲ ಅಂತೀರಿ," ಎಂದಳು. "ನಿಮ್ಮಿಂದ ನಮ್ಗೇನ್ ಉಪ್ಕಾರ ಆಯ್ತು ಸಾ?"