ಹೊಸಬರಿಗೊಂದು ಪುಟ

ಕಂಪ್ಯೂಟರ್ ಮೇಷ್ಟ್ರು ಬೋರ್ಡಿನಿಂದ ತಿರುಗಿ ನೋಡಿದರೆ ಒಬ್ಬರ ಕಣ್ಣೂ ಅವರ ಮೇಲಿರಲಿಲ್ಲ. ಎಲ್ಲರ ಪರದೆಯಲ್ಲೂ ಒಂದೇ ಪುಟ: 'ಮೊದಲ ಸಲ ವೆಬ್ ಪುಟ ಮಾಡುವವರಿಗೆ'. ಏನಿದು ಎಂದು ಗದರಿದಾಗ, ಇದರಲ್ಲಿ ಬೇಗ ಅರ್ಥವಾಗುತ್ತದೆ ಸಾರ್ ಎಂದಳು ಮುಂದಿನ ಸಾಲಿನವಳೊಬ್ಬಳು. ಇಬ್ಬರು ನಾಳೆಯಿಂದ ಕ್ಲಾಸಿಗೆ ಬರುವುದಿಲ್ಲವೆಂದೂ ಹೇಳಿಬಿಟ್ಟರು.

ಮೇಷ್ಟ್ರ ಪಾಲಿಗೆ ಹೊಸಬರು ಓದಬಹುದಾದ ಪುಸ್ತಕ ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ಒಂದು ಹಳಸಲು, ಇನ್ನೊಂದು ಮಕ್ಕಳಾಟ, ವಿಡಿಯೊಗಳಂತೂ ಕೋತಿ ಕುಣಿತ. ಓಣಿಯ ಹೊಲಿಗೆ ಸಂಘಕ್ಕೆ ಒಂದು ಪುಟ ಬೇಕು, ಕಲಿಯಲು ಯಾವುದು ಒಳ್ಳೆಯದು ಎಂದು ಹೆಂಡತಿ ಕೇಳಿದಾಗಲೂ ಇದನ್ನೇ ಹೇಳಿ, ಮೊದಲು ಫೋನು ನೆಟ್ಟಗೆ ಹಿಡಿಯುವುದು ಕಲಿ ಎಂದು ನಕ್ಕಿದ್ದರು. ಆಕೆ ಮತ್ತೆ ಕೇಳಲಿಲ್ಲ. ಬುದ್ಧಿ ಬಂತು ಎಂದುಕೊಂಡಿದ್ದರು.

ಅಂದು ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. ಯಾರೋ ಅರೆಬೆಂದವನ ಕೆಲಸ, ಟ್ಯಾಗು ಅಂದರೆ ಡಬ್ಬಿಯ ಮುಚ್ಚಳ ಇದ್ದಹಾಗೆ ಎಂದು ಬರೆದಿದ್ದಾನೆ, ಅಂಥವನನ್ನು ನಂಬಿ ನನ್ನ ಕ್ಲಾಸು ಬಿಡುತ್ತಾರಂತೆ. ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಅದು ನಾನು ಬರೆದದ್ದು ರೀ."

"ಯಾವುದು?"

"ಆ ಪುಟ. ನನ್ನಂಥೋರಿಗೆ ಅರ್ಥ ಆಗೋ ಥರ ಎಲ್ಲೂ ಸಿಗಲಿಲ್ಲ. ಅಲ್ಲಿಷ್ಟು ಇಲ್ಲಿಷ್ಟು ಹುಡುಕಿ, ಮಾಡಿ ನೋಡಿ ಕಲಿತೆ. ಇನ್ನೊಬ್ಬರು ಒದ್ದಾಡೋದು ಬೇಡ ಅಂತ ಬರೆದಿಟ್ಟೆ."

ಮೇಷ್ಟ್ರು ಕುರ್ಚಿ ಎಳೆದು ಕೂತು, ಹೆಂಡತಿಯ ಫೋನಿನಲ್ಲೇ ಪುಟ ತೆರೆದು, ಮೊಸರಲ್ಲಿ ಕಲ್ಲು ಹುಡುಕುವವರ ಹಾಗೆ ಓದತೊಡಗಿದರು. ಪಾಠ ಸರಿಯಿತ್ತು. ಉದಾಹರಣೆಯೂ ಸರಿಯಿತ್ತು. ಒತ್ತಿದ ಕೊಂಡಿಗಳೆಲ್ಲ ನೇರ ತೆರೆದುಕೊಂಡವು. ಒಂದೊಂದು ತೆರೆದಾಗಲೂ ಅವರ ಮುಖ ಇನ್ನಷ್ಟು ಕಪ್ಪಿಟ್ಟಿತು. ಕೊನೆಗೆ ತಳದಲ್ಲೊಂದು ಕಡೆ 'ಅಭ್ಯಾಸ' ಎನ್ನುವುದು 'ಅಬ್ಯಾಸ' ಆಗಿತ್ತು.

"ನೋಡಿಲ್ಲಿ, ಮಹಾಪ್ರಾಣವೇ ಇಲ್ಲ," ಎಂದರು. ಹೋದ ಜೀವ ಬಂದಹಾಗಿತ್ತು ದನಿ.

ಹೆಂಡತಿ ಮಡಿಸುತ್ತಿದ್ದ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಬಂದು, ನಿಂತಲ್ಲೇ ಬಗ್ಗಿ ಅಕ್ಷರ ತಿದ್ದಿದಳು. ಹೌದಲ್ಲ, ಒಳ್ಳೆಯದಾಯಿತು ಎಂದು ಹೇಳಿ ಬಟ್ಟೆಯ ರಾಶಿಗೆ ಮರಳಿದಳು.

"ಇರು, ಇನ್ನೂ ಇರುತ್ತೆ," ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಮೊದಲ ಸಾಲಿಗೆ ಹೋದರು.