ದೇವದುರ್ಗಕ್ಕೆ ಬಂದ ಗುಡ್ಡದ ಹುಲ್ಲು

ಧಾರವಾಡದ ಹಿರಿಯ ಪ್ರೊಫೆಸರು ದೇವದುರ್ಗದ ಒಂದು ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೊಣಕಾಲೂರಿ ಕೂತೇಬಿಟ್ಟರು. ಬಿಳಿ ಪ್ಯಾಂಟಿಗೆ ಸಾಬೂನಿನ ಕೆಸರು ಮೆತ್ತಿದ್ದು ಅವರ ಗಮನಕ್ಕೇ ಬರಲಿಲ್ಲ. ಕಣ್ಣೆಲ್ಲ ಅಲ್ಲಿ ಬೆಳೆದಿದ್ದ ಒಂದು ಹಿಡಿ ಹುಲ್ಲಿನ ಮೇಲಿತ್ತು.

ಹಿಂದೆ ನಿಂತ ಲೆಕ್ಚರರ್ ಗದ್ದೆಪ್ಪನ ಎದೆ ಉಬ್ಬಿತ್ತು. ರಾಯಚೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಈ ಮಹಾಶಯ, ಎತ್ತರದ ಗುಡ್ಡಗಳಲ್ಲಷ್ಟೇ ಸಿಗುವ ಹುಲ್ಲನ್ನು ಈ ಬಿಸಿಲೂರಿನಲ್ಲಿ, ಅದೂ ಅತ್ತೆಯ ಮನೆಯ ಹಿತ್ತಲಲ್ಲಿ ಕಂಡುಹಿಡಿದಿದ್ದ. ಒಂದು ದಂಟು ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಕೆಳಗೆ ಊರು, ತಾರೀಖು, ತನ್ನ ಹೆಸರು ಬರೆದು ಧಾರವಾಡಕ್ಕೆ ಕಳಿಸಿದ್ದ. ಇಂಥ ಹಾಳೆಗಳ ವಿವರವನ್ನೆಲ್ಲ ಪ್ರೊಫೆಸರು ಪುಸ್ತಕ ಮಾಡುತ್ತಿದ್ದರು. ಅದರಲ್ಲಿ ಹೆಸರು ಅಚ್ಚಾದರೆ ಜನ್ಮ ಸಾರ್ಥಕ ಎಂಬುದು ಗದ್ದೆಪ್ಪನ ಲೆಕ್ಕಾಚಾರ.

"ಇದು ಇಲ್ಲಿಗೆ ಹ್ಯಾಂಗ ಬಂತು ಅಂತೀರಿ?" ಪ್ರೊಫೆಸರು ಕೇಳಿದರು. "ಗಾಳಿಗೆ ಬಂತೋ, ಇಲ್ಲಾ ಹಿಂದ ಈ ಸೀಮಿ ತುಂಬಾ ಇದ್ದದ್ದು ಇಷ್ಟ ಉಳದದೋ?"

"ಉಳದದ್ದೇ ಇರಬೇಕು ಅನಸ್ತದ್ರಿ," ಎಂದ ಗದ್ದೆಪ್ಪ, ಪಂಡಿತನ ಗತ್ತಿನಲ್ಲಿ.

ಚಹಾ ತಂದಿಟ್ಟ ಹೆಂಡತಿ ಜಂಬಮ್ಮ ಅವನನ್ನು ಬಾಗಿಲ ಮರೆಗೆ ಕರೆದಳು.

"ಹೋದ ವರ್ಷ ಹುಡುಗರ ಕೂಡ ಕೆಮ್ಮಣ್ಣಗುಂಡಿ ಗುಡ್ಡ ಹತ್ತಿ ಸೀದಾ ಇಲ್ಲಿಗೇ ಬಂದ್ರಲ್ರೀ, ನೆನಪದ ಏನು? ನಿಮ್ಮ ಬೆಲ್‌ಬಾಟಮ್ ತುಂಬಾ ಮುಳ್ಳಿನಂಥ ಬೀಜ ಚುಚ್ಚಿಕೊಂಡಿದ್ವು. ಆ ಕಲ್ಲಿನ ಮ್ಯಾಲ ಕುಂತು ನಾನ ಕಿತ್ತು ಚೆಲ್ಲೀನಿ. ಇವರಿಗೆ ಹೇಳೂದೋ ಬ್ಯಾಡೋ?"

ಗದ್ದೆಪ್ಪನಿಗೆ ನೆನಪಾಯಿತು. ಆ ಪ್ಯಾಂಟಿನ ತಳದ ಅಗಲಕ್ಕೆ ಅರ್ಧ ಗುಡ್ಡವನ್ನೇ ಗುಡಿಸಿಕೊಂಡು ಬರಬಹುದಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಹೆಂಡತಿ ತನ್ನವಳು, ಹುಲ್ಲಿಗೆ ಬಾಯಿಲ್ಲ. ಆದರೆ ಅತ್ತ, ಆ ವಯಸ್ಸಿನಲ್ಲಿ ಬಸ್ಸಿಂದ ಬಸ್ಸಿಗೆ ಹತ್ತಿಳಿದು ಬಂದಿದ್ದ ಮುದುಕರು, ಮೊಮ್ಮಗುವಿನ ತಲೆ ಸವರುವಂತೆ ಹುಲ್ಲನ್ನು ಸವರುತ್ತಿದ್ದರು. ಗದ್ದೆಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಸರ್, ಅದು ಗಾಳಿಗೂ ಬಂದಿಲ್ಲ, ಹಿಂದಿನಿಂದ ಉಳದದ್ದೂ ಅಲ್ರಿ," ಎಂದ. "ನನ್ನ ಪ್ಯಾಂಟಿಗೆ ಹತ್ತಿಕೊಂಡು ಬಂದದ."

ಎಲ್ಲವನ್ನೂ ಕೇಳಿದ ಪ್ರೊಫೆಸರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ಚಹಾ ಕುಡಿದು, ಸಂಜೆಯ ಬಸ್ಸು ಹತ್ತಿದರು. ಗದ್ದೆಪ್ಪ ತನ್ನ ಆಸೆಗೆ ಎಳ್ಳುನೀರು ಬಿಟ್ಟ.

ಎಂಬತ್ತನೇ ಇಸವಿಯಲ್ಲಿ ಪುಸ್ತಕ ಅಂಚೆಯಲ್ಲಿ ಬಂತು. ಪುಟ ಮಗುಚಿದರೆ, ಹೆಸರು ಅಚ್ಚಾಗಿತ್ತು! 'ಬೀಜ ಹೊತ್ತು ತಂದ ಪ್ರಾಣಿ' ಎಂಬ ಅಂಕಣದಲ್ಲಿ ಮೇಲಿನ ಹುಲ್ಲಿಗೆ ಕುರಿ ಎಂದಿತ್ತು, ಕೆಳಗಿನದಕ್ಕೆ ಕತ್ತೆ ಎಂದಿತ್ತು. ನಡುವೆ: ಶ್ರೀ ಗದ್ದೆಪ್ಪ, ಎಂ.ಎಸ್ಸಿ.