ಬಾತುಮರಿಯ ಕಾಲಿಗೆ ಕಟ್ಟಿದ ಪಟ್ಟಿ

ಗಾಯಕ್ಕೆ ಸುತ್ತುವ ಬಿಳಿ ಪ್ಲಾಸ್ಟರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ದೊಡ್ಡಮಳೂರಿನ ನಮ್ಮ ಮನೆಯ ಜಗಲಿ ಕಣ್ಣ ಮುಂದೆ ಬರುತ್ತದೆ.

ಅಪ್ಪ ಚನ್ನಪಟ್ಟಣದ ಸಂತೆಯಿಂದ ತಂದುಕೊಟ್ಟಿದ್ದ ಬಾತುಮರಿಯ ಕಾಲುಗಳು ಎರಡು ಬದಿಗೂ ಜಾರಿಹೋಗುತ್ತಿದ್ದವು. ಏಳಲು ಹೋಗಿ ಎದೆಯೂರಿ ಬೀಳುತ್ತಿತ್ತು. ಆ ಮಧ್ಯಾಹ್ನ ಅಪ್ಪನ ತಂಗಿ, ನನ್ನ ಅತ್ತೆ, ಎರಡೂ ಕಾಲು ಹತ್ತಿರ ನಿಲ್ಲುವಂತೆ ಪ್ಲಾಸ್ಟರ್ ಪಟ್ಟಿ ಕಟ್ಟಲು ಕೂತರು. ಮರಿಯನ್ನು ಹಿಡಿದುಕೊಂಡವಳು ನಾನು. ಅಂಗೈಯಲ್ಲಿ ಅದರ ಹಳದಿ ತುಪ್ಪಳ ಬೆಚ್ಚಗಿತ್ತು, ಎದೆ ಡವಗುಟ್ಟುತ್ತಿತ್ತು. ಪೋಲಿಯೋದಿಂದ ಸಣ್ಣಗಾಗಿದ್ದ ತಮ್ಮ ಬಲಗಾಲನ್ನು ಅತ್ತೆ ಎಂದಿನಂತೆ ಸೀರೆಯೊಳಗೆ ಮಡಚಿಕೊಂಡಿದ್ದರು.

ಪಕ್ಕದಲ್ಲಿ ರಾಗಿ ಕೇರುತ್ತಿದ್ದ ಅಜ್ಜಿ, "ನೆಟ್ಟಗೆ ನಿಲ್ಲಕ್ಕಾಗ್ದೇ ಇರೋದ್ನ ಯಾಕ್ ಸಾಕ್ತೀರ? ಯಾರಿಗಾದ್ರೂ ಕೊಟ್‌ಬುಡಿ" ಎಂದರು.

ಅತ್ತೆ ತಲೆ ಎತ್ತಲಿಲ್ಲ. "ನನ್ನೂ ಅಂಗೇ ಅನಾಥಾಶ್ರಮಕ್ಕೆ ಕೊಟ್‌ಬುಡಾನ ಅಂದಿದ್ಯಂತಲ್ಲವ್ವಾ. ನಮ್ಮಪ್ಪ ಸಾಯೋಕ್ ಮುಂಚೆ ನಂಗೆ ಏಳಿದ್ರು."

ಮೊರ ನಿಂತುಹೋಯಿತು. ತಾತ ಸತ್ತು ಆಗಲೇ ಎಷ್ಟೋ ವರ್ಷಗಳಾಗಿದ್ದವು. ನನ್ನ ಕೈಯಿಂದ ಮರಿ ಜಾರಿ ರಾಗಿಯ ಮೇಲೆ ಬಿತ್ತು. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅತ್ತೆಯ ಮುಂದೆ ಹಿಡಿದರು.

"ಅದು ಗೊತ್ತಿದ್ದೂ ಇಷ್ಟ್ ವರ್ಸ ನನ್ನ ಅವ್ವ ಅಂತ ಕೂಗ್ದ್ಯಾ?"

ಅತ್ತೆ ಹಲ್ಲಿನಿಂದ ಪ್ಲಾಸ್ಟರ್ ಕಡಿದು, ಮರಿಯ ಕಾಲಿಗೆ ಮೆಲ್ಲಗೆ ಸುತ್ತತೊಡಗಿದರು.

"ಇನ್ನೇನಂತ ಕೂಗ್ಲವ್ವಾ" ಎಂದರು.